ಕೊಟ್ರಮ್ಮನ ಗಾಳಿ

ಮೊನ್ನೆ ಪ್ಯಾಂಟಿನ ಸೊಂಟ ಬಿಡಿಸಲೆಂದು ಟೈಲರ್ ಅಂಗಡಿಗೆ ಹೋಗಿದ್ದೆ. ನನ್ನ ಸೊಂಟದ ವಿಷಯ ಇಲ್ಲಿಗೇ ಬಿಡೋಣ. ಅಲ್ಲಿ ಮಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನನಗೆ ಬಟ್ಟೆ ನೆನಪಾಗುವುದಿಲ್ಲ, ಭಜನೆ ನೆನಪಾಗುತ್ತದೆ. ನಿಮಗೆ ವಿಚಿತ್ರ ಅನಿಸಬಹುದು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ರಿಪೇರಿಗೆ ಬಂದ ರೇಡಿಯೋಗಳು ಬಹಳ ಕಾಲ ನನ್ನ ಜೊತೆಯಲ್ಲೇ ಇರುತ್ತಿದ್ದವು. ಪಕ್ಕದ ಮನೆಯ ಹುಡುಗಿ ಕೊಟ್ರಮ್ಮ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗೈ ಏಳುತ್ತಿರಲಿಲ್ಲ. ಬಲಗೈ ಹಾರ್ಮೋನಿಯಂ ಮೇಲೆ ಓಡಾಡತೊಡಗಿದರೆ ದಾರಿಹೋಕರು ನಿಲ್ಲುತ್ತಿದ್ದರು. ಆದರೆ ಪೆಟ್ಟಿಗೆಗೆ ಗಾಳಿ ಬೇಕಲ್ಲ. ಅದರ ತಿದಿ ಒತ್ತಲು ಅವಳ ಸೋದರತ್ತೆ ಹಾಲಮ್ಮ ಎದುರಿಗೆ ಕೂರಬೇಕು.

ಹಾಲಮ್ಮ ಒಳ್ಳೆಯವರು. ಆದರೆ ಅವರಿಗೆ ಒಲೆಯ ಮೇಲೆ ಬೇಳೆ ಇರುತ್ತಿತ್ತು. ಬೇಳೆ ಉಕ್ಕಿದರೆ ಹಾಡು ಮುಗಿಯಿತು. ಬಾಗಿಲಿಗೆ ಸೊಪ್ಪಿನವಳು ಬಂದರೂ ಮುಗಿಯಿತು. ಕೊಟ್ರಮ್ಮನ ಬೆರಳು ಸ್ವರದ ಮೇಲೆಯೇ ಇರುತ್ತಿತ್ತು, ಸದ್ದು ಮಾತ್ರ ಇರುತ್ತಿರಲಿಲ್ಲ. ಒಂದು ಹಾಡನ್ನಾದರೂ ಅವಳು ತನಗೆ ಬೇಕಾದಲ್ಲಿ ಮುಗಿಸಿದ್ದನ್ನು ನಾನು ಕೇಳಿರಲಿಲ್ಲ.

ಆ ವರ್ಷ ಭಜನಾ ಸಂಘಕ್ಕೆ ಪೆಟ್ಟಿಗೆ ನುಡಿಸುವವರು ಬೇಕಾದರು. ತಾನು ಬರುತ್ತೇನೆಂದಳು ಕೊಟ್ರಮ್ಮ. ಸಂಘದ ಹಿರಿಯರಾದ ಬಸಣ್ಣನವರು, "ನುಡಸ್ತಿ ಚಲೋ. ಆದ್ರ ಒಂದು ಪೆಟಗಿಗೆ ಇಬ್ಬರನ್ನ ಎಲ್ಲಿ ಕುಂದ್ರಸೋಣವ್ವ? ಒಬ್ಬಾಕಿನ ನುಡಸಂಗಾದ್ರ ಬಾ," ಎಂದರು. ಅವಳು ಸೀದಾ ನನ್ನ ಅಂಗಡಿಗೆ ಬಂದಳು. ಊರಲ್ಲಿ ಬೇರೆ ಮೆಕ್ಯಾನಿಕ್ಕುಗಳು ಇರಲಿಲ್ಲವೆಂದಲ್ಲ, ಅವರಿಗೆ ಕೆಲಸವಿತ್ತು.

ಮೊದಲು ತಿದಿಗೆ ಕೂಲರಿನ ಮೋಟಾರ್ ಜೋಡಿಸಿದೆ. ಕರೆಂಟು ಏರಿದಾಗ ಭಕ್ತಿಗೀತೆ ರೈಲಿನ ಕೂಗಾಯಿತು, ಇಳಿದಾಗ ನರಳಿತು, ಹೋದಾಗ ಏನೂ ಇಲ್ಲ.

"ಅಣ್ಣಾರ, ಈ ಕರೆಂಟು ನಮ್ಮತ್ತಿಗಿಂತ ಹಟಮಾರಿ ಐತಿ," ಎಂದಳು ಕೊಟ್ರಮ್ಮ. "ಅತ್ತಿ ಹೇಳಿಯಾದ್ರೂ ಎದ್ದು ಹೋಗ್ತಾಳ."

"ಮತ್ತೇನು ಮಾಡೋಣಂತಿ?"

"ನನ್ನ ಕಾಲು ನೆಟ್ಟಗದಾವಲ್ರಿ. ಗಾಳಿ ನನ್ನ ಕಾಲಾಗ ಇರ್ಲಿ."

ಹೀಗೆ ತಂಬ್ರಹಳ್ಳಿಯಿಂದ ಹೊಲಿಗೆ ಮಷಿನ್ನಿನ ಹಳೆಯ ಸ್ಟ್ಯಾಂಡೊಂದು ಬಸ್ಸಿನ ಮೇಲೆ ಬಂತು. ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿದ. ಮೇಲೆ ಹಾರ್ಮೋನಿಯಂ, ಕೆಳಗೆ ಪೆಡಲ್, ನಡುವೆ ಸೈಕಲ್ಲಿನ ಬ್ರೇಕ್ ವೈರು. ತುಳಿದರೆ ವೈರು ತಿದಿಯನ್ನು ಎಳೆದು ಮುಚ್ಚುತ್ತದೆ, ಬಿಟ್ಟರೆ ಸ್ಪ್ರಿಂಗು ತೆರೆಯುತ್ತದೆ. ಎಣ್ಣೆಯನ್ನು ನಾನು ಧಾರಾಳವಾಗಿ ಹಾಕಿದ್ದರಿಂದ ಗುಡಿಯಲ್ಲಿ ಊದುಬತ್ತಿಗೆ ಸೋಲಾಯಿತು.

ಸೋಮವಾರದ ಭಜನೆಗೆ ಬಂದವರೆಲ್ಲ ಬಗ್ಗಿ ಪೆಡಲ್ ನೋಡಿದರು. ಇದರಲ್ಲಿ ಜಂಪರನ್ನೂ ಹೊಲಿಯಬಹುದೇ ಎಂದು ಒಬ್ಬರು ವಿಚಾರಿಸಿದರು. ಬಸಣ್ಣನವರು ನನ್ನನ್ನು ಹೊಗಳಿದರು, ನಾನು ತಡೆಯಲಿಲ್ಲ. ಆಮೇಲೆ ಅವಳು ನುಡಿಸಿದಳು. ಹಾಡು ಮುಗಿಯಿತು, ತಾಳ ನಿಂತಿತು, ಪೆಟ್ಟಿಗೆ ಮಾತ್ರ ನಿಲ್ಲಲಿಲ್ಲ. ಪೂಜಾರಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು.

"ಸಾಕವ್ವ, ಮಂಗಳಾರತಿ ಹೊತ್ತಾತು," ಎಂದರು ಹಾಲಮ್ಮ.

"ನನ್ನ ಕಾಲಿನ್ನಾ ನಿಂತಿಲ್ಲ ಅತ್ತಿ."

ಹಾಲಮ್ಮ ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕೊಟ್ರಮ್ಮ ತನಗೆ ಬೇಕಾದಲ್ಲಿ ಮುಗಿಸಿದಳು. ನಾನು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ. ಎಣ್ಣೆಯ ವಾಸನೆ ಎಂದು ಪಕ್ಕದವರಿಗೆ ಹೇಳಿದೆ. ಹೊರಗೆ ಚಪ್ಪಲಿ ಹುಡುಕುವಾಗ ಹಾಲಮ್ಮ ಅಂದರು: "ಇಷ್ಟು ವರ್ಷ ಗಾಳಿ ಹಾಕಿದ್ದಾತು ನೋಡ್ರಿ. ಕೇಳಿದ್ದು ಇವತ್ತ."

ಮೊನ್ನೆ ಟೈಲರ್ ಅಂಗಡಿಯಿಂದ ನೇರ ಕೊಟ್ರಮ್ಮನ ಮನೆಗೆ ಹೋದೆ. ಸಂಘಕ್ಕೆ ಪೆಟ್ಟಿಗೆ ನುಡಿಸುವವಳು ಈಗಲೂ ಅವಳೇ. ಬ್ರೇಕ್ ವೈರು ಹರಿದಿತ್ತು.

"ಹೊಸಾದು ನಾಳಿ ತರಸ್ತೀನಿ. ಈಗ ಒಂದೀಟು ಗಾಳಿ ಹಾಕ್ತೀರೇನ್ರಿ ಅಣ್ಣಾರ?"

ಎದುರಿಗೆ ಕೂತು ಒತ್ತತೊಡಗಿದೆ. ಭುಜ ಹಿಡಿಯಿತು. ಚಹಾ ಆರಿತು. ಸಾಕೇನವ್ವ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳ ಬೆರಳು ಇನ್ನೂ ಸ್ವರದ ಮೇಲಿತ್ತು. ಅದು ತಾನಾಗಿ ಏಳುವವರೆಗೂ ಒತ್ತಿದೆ.