ಎರಡು ಊರಿಗೆ ಒಂದು ಹಾರ್ನ್

ಮೊನ್ನೆ ಹಬ್ಬಕ್ಕೆಂದು ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಸೋಪು ಹಚ್ಚಿ ತೊಳೆದರೂ ಅಂಗೈಯಲ್ಲಿ ಆ ವಾಸನೆ ಉಳಿದೇ ಹೋಯಿತು... ಸ್ವಲ್ಪ ಲೋಹ, ಸ್ವಲ್ಪ ಹುಳಿ, ಸ್ವಲ್ಪ ಬೆವರು. ಊಟಕ್ಕೆ ಕೂತು ತುತ್ತು ಬಾಯಿಯ ಹತ್ತಿರ ತಂದದ್ದೇ ತಡ, ಗೌರಿಬಿದನೂರಿನ ನಮ್ಮ ಪಕ್ಕದ ಮನೆಯ ಬ್ಯಾಂಡಣ್ಣ ನೆನಪಾದರು. ಅವರು ಪ್ರಸಾದ ಕೊಟ್ಟರೂ ಇದೇ ವಾಸನೆ ಬರುತ್ತಿತ್ತು. ಆ ಬಲಗೈ ಜೀವಮಾನವೆಲ್ಲ ಹಿತ್ತಾಳೆಯ ಬಾಯೊಳಗೇ ಇದ್ದದ್ದು.

ಬ್ಯಾಂಡಣ್ಣ ಬೆಂಗಳೂರಿನಲ್ಲಿ ಪೊಲೀಸ್ ಬ್ಯಾಂಡಿನಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. ನುಡಿಸುತ್ತಿದ್ದದ್ದು ಫ್ರೆಂಚ್ ಹಾರ್ನ್. ಜಿಲೇಬಿಯ ಹಾಗೆ ಸುತ್ತಿಕೊಂಡ ಕೊಳವೆ, ಕೊನೆಗೆ ಅಗಲವಾದ ಬಾಯಿ. ಎಡಗೈ ಬೆರಳು ಸ್ವರ ಬದಲಿಸುವ ಕೀಲಿಗಳ ಮೇಲೆ, ಬಲಗೈ ಆ ಬಾಯಿಯ ಒಳಗೆ. ನಾನು ಆಗ ಅಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದು, ಅವರ ಗೋಡೆಗೆ ಅಂಟಿದ ಮನೆಯಲ್ಲಿ ಬಾಡಿಗೆಗಿದ್ದೆ. ನನಗೆ ಸಂಗೀತವೆಂದರೆ ಅಷ್ಟಕ್ಕಷ್ಟೇ. ದಿನವಿಡೀ ಮಕ್ಕಳ ಗಲಾಟೆ ಕೇಳಿ ತಲೆ ಕೆಟ್ಟು ಬಂದವಳಿಗೆ ಬೇಕಾಗಿದ್ದದ್ದು ನಿಶ್ಶಬ್ದ, ಸಿಕ್ಕಿದ್ದು ಬ್ಯಾಂಡಣ್ಣ.

ಅವರು ಬಂದ ಹೊಸತರಲ್ಲಿ ಒಂದು ಮುಂಜಾನೆ ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೂ ಎಳೆದು ಊದಿದರು. ತುಟಿ ಪಳಗಲು ಹಾರ್ನಿನವರು ದಿನಾ ಹೀಗೆ ಊದಲೇಬೇಕಂತೆ. ಎದುರುಮನೆಯ ಅಜ್ಜಿ ಸೆರಗು ಹೊದ್ದುಕೊಂಡು ಓಡಿ ಬಂದು, "ಯಾರಮ್ಮ ಹೋಗಿದ್ದು?" ಎಂದರು. ನಮ್ಮ ಕಡೆ ಸಾವಿನ ಮನೆಯಲ್ಲಿ ದಾಸಯ್ಯ ಶಂಖ ಊದುತ್ತಾನಲ್ಲ, ಅದು ಇದೇ ಎಂದುಕೊಂಡಿದ್ದರು. ಯಾರೂ ಹೋಗಿಲ್ಲವೆಂದು ಎಷ್ಟು ಹೇಳಿದರೂ ಅಜ್ಜಿಗೆ ಸಮಾಧಾನವಿಲ್ಲ. "ಪೊಲೀಸೋ ಗಿಲೀಸೋ, ಬೆಳಿಗ್ಗೆ ಬೆಳಿಗ್ಗೇನೇ ಈ ಅಪಶಕುನ ಬೇಡಪ್ಪ" ಎಂದುಬಿಟ್ಟರು. ಅವತ್ತಿನಿಂದ ಬ್ಯಾಂಡಣ್ಣ ಹಾರ್ನ್ ಹೊತ್ತುಕೊಂಡು ವಿದುರಾಶ್ವತ್ಥದ ದಾರಿಯ ಹುಣಸೆ ತೋಪಿಗೆ ನಡೆಯತೊಡಗಿದರು.

ಒಂದು ಹಾಡು ಊದಿ ಅಣ್ಣ ಎಂದು ಯಾರಾದರೂ ಕೇಳಿದರೆ ನಗುತ್ತಿದ್ದರು. "ಹಾಡು ಟ್ರಂಪೆಟ್ಟಿನೋರ್ದು ಕಣಮ್ಮ. ಪರೇಡಲ್ಲಿ ಡ್ರಮ್ಮು ಧಂ ಅಂದ್ಮೇಲೆ ಪ-ಪ ಅನ್ನೋದು ನಮ್ದು. ಇಡೀ ಸರ್ವೀಸು ಪ-ಪ ಅಂದ್ಕೊಂಡೇ ಮುಗೀತು."

ಅಕ್ಕ, ಅಂದರೆ ಅವರ ಹೆಂಡತಿ, ಒಳಗಿನಿಂದಲೇ ಕೂಗುತ್ತಿದ್ದರು. "ಮನೇಲೂ ಹಂಗೇ ಕಣಮ್ಮ. ಧಂ ಅನ್ನೋದು ನಾನು!"

ಬ್ಯಾಂಡಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಅಷ್ಟೂ ವರ್ಷ ಅದೇ ಪ-ಪ ಊದಿದ ಇನ್ನೊಬ್ಬರಿದ್ದರು, ಚಿಂತಾಮಣಿಯವರು. ಅವರು ಮೊದಲನೇ ಹಾರ್ನ್, ನಮ್ಮ ಬ್ಯಾಂಡಣ್ಣ ಎರಡನೇ ಹಾರ್ನ್. ಒಬ್ಬರು ಮೇಲಿನ ಸ್ವರ ಹಿಡಿದರೆ ಇನ್ನೊಬ್ಬರು ಅದರ ಕೆಳಗಿನದು. ನಿವೃತ್ತರಾಗುವಾಗ ವಾದ್ಯವನ್ನು ಇಲಾಖೆಗೆ ಒಪ್ಪಿಸಿ ಬರಿಗೈಯಲ್ಲಿ ಬರಬೇಕಷ್ಟೆ. ಹೊಸದು ಕೊಳ್ಳುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಇಬ್ಬರೂ ಸೇರಿ ಒಂದು ಹಳೆಯ ಹಾರ್ನ್ ಕೊಂಡರು. ಒಂದು ತಿಂಗಳು ಗೌರಿಬಿದನೂರಿನಲ್ಲಿ, ಒಂದು ತಿಂಗಳು ಚಿಂತಾಮಣಿಯಲ್ಲಿ ಎಂದು ಮಾತಾಯಿತು. ತಿಂಗಳು ಮುಗಿದವರು ಇನ್ನೊಬ್ಬರ ಮನೆಗೆ ತಲುಪಿಸಬೇಕು. ತುಟಿಗಿಡುವ ಮೌತ್‌ಪೀಸು ಮಾತ್ರ ಅವರವರದು, ಅದನ್ನು ಇಬ್ಬರೂ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಹಾರ್ನ್ ಇಲ್ಲದ ತಿಂಗಳು ಬ್ಯಾಂಡಣ್ಣ ಬರಿಯ ಮೌತ್‌ಪೀಸನ್ನು ತುಟಿಗಿಟ್ಟು, ಜೀರುಂಡೆಯ ಹಾಗೆ ಗುಂಯ್‌ಗುಡುತ್ತಾ ಅಂಗಳದಲ್ಲಿ ಓಡಾಡುತ್ತಿದ್ದರು. ವಯಸ್ಸಾದ ಮೇಲೆ ತುಟಿ ಒಮ್ಮೆ ಸೋತರೆ ಮತ್ತೆ ಬರುವುದಿಲ್ಲ ಎಂಬ ಹೆದರಿಕೆ ಅವರಿಗೆ.

ಹೀಗೇ ನಡೆದಿತ್ತು. ಆಮೇಲೆ ಸಕ್ಕರೆ ಕಾಯಿಲೆಯ ದೆಸೆಯಿಂದ ಚಿಂತಾಮಣಿಯವರ ಮುಂದಿನ ಹಲ್ಲುಗಳು ಬಿದ್ದುಹೋದವು. ಕಟ್ಟಿಸಿಕೊಂಡ ಹಲ್ಲು ಮೌತ್‌ಪೀಸನ್ನು ಒತ್ತಿದರೆ ನಿಲ್ಲುತ್ತಿರಲಿಲ್ಲ. ಅವರ ಊದುವುದು ಅಲ್ಲಿಗೆ ಮುಗಿಯಿತು. ಇನ್ನು ಹಾರ್ನ್ ಇಲ್ಲೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡೆವು. ತಿಂಗಳು ತಿರುಗಿದ ದಿನ ನೋಡಿದರೆ ಬ್ಯಾಂಡಣ್ಣ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಹೊರಟಿದ್ದಾರೆ!

ಅಕ್ಕನಿಗೆ ಸಿಟ್ಟು ಬಂತು. "ಊದಕ್ಕಾಗದೋರ ಮನೇಲಿ ಇಟ್ಟು ಬಂದು ಏನ್ ಮಾಡ್ತೀರ? ಅವ್ರ ಹಲ್ಲು ಹೋಯ್ತು, ನಿಮ್ಮ ತುಟೀನೂ ಹೋಗ್ಲಿ ಅಂತಾನಾ?"

"ಅವ್ನ ತಿಂಗಳು ಕಣೇ" ಎಂದಷ್ಟೇ ಹೇಳಿ ನಡೆದರು. ಅಲ್ಲಿಂದಾಚೆಗೆ ಒಯ್ಯುವುದು, ತರುವುದು ಎರಡೂ ಅವರ ಪಾಲಿಗೇ ಬಂತು.

ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಚಿಂತಾಮಣಿಗೆ ಹೋಗಬೇಕಾಗಿ ನಾನೂ ಅವರ ಜೊತೆ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಶಿಡ್ಲಘಟ್ಟದವರೆಗೂ ರೇಷ್ಮೆಗೂಡಿನ ಚೀಲಗಳ ನಡುವೆ ನಿಂತೇ ಹೋದೆವು. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ಎಂದು ಕಂಡಕ್ಟರ್ ಗೊಣಗಿದ. ಅವರು ಕೇಳಲಿಲ್ಲ, ಮಗುವನ್ನು ಹಿಡಿದ ಹಾಗೆ ಎದೆಗೆ ಅವುಚಿಕೊಂಡು ನಿಂತರು. ಮಂಡಿ ನೋವಿಗೆ ಆಗಾಗ ಕಣ್ಣು ಮುಚ್ಚುತ್ತಿದ್ದರು. ನನಗೆ ನೋಡಿಯೇ ಆಯಾಸವಾಗಿ ಕೇಳಿದೆ, "ಇದೆಂಥ ಹಟ ಅಣ್ಣ?"

"ಅವ್ನ ತಿಂಗಳೂ ನಾನೇ ಇಟ್ಕೊಂಡ್ರೆ, ನಿನ್ ಕಥೆ ಮುಗೀತು ಕಣೋ ಅಂತ ನಾನೇ ಹೇಳ್ದಂಗಾಗಲ್ವೇನಮ್ಮ?" ಎಂದರು.

ಚಿಂತಾಮಣಿಯವರು ಜಗುಲಿಯಲ್ಲೇ ಕಾದಿದ್ದರು. "ಏಮ್ರಾ, ಬಂದ್ಯಾ? ಈ ಬಿಸಿಲಲ್ಲಿ ಯಾಕ್ರಾ..." ಎಂದು ತೆಲುಗು ಬೆರೆಸಿ ಬೈಯುತ್ತಲೇ ಎರಡೂ ಕೈ ಚಾಚಿ ಪೆಟ್ಟಿಗೆ ತೆಗೆದುಕೊಂಡರು. ನೀರು ಕುಡಿದು ದಣಿವಾರಿಸಿಕೊಂಡ ಮೇಲೆ ಇಬ್ಬರೂ ಎದುರುಬದುರು ಕೂತರು. ಬ್ಯಾಂಡಣ್ಣ ಜೇಬಿನಿಂದ ಮೌತ್‌ಪೀಸು ತೆಗೆದು ತಮ್ಮ ಎರಡನೇ ಹಾರ್ನಿನ ಪಾಲನ್ನು ಗುಂಯ್‌ಗುಟ್ಟಿದರು. ಚಿಂತಾಮಣಿಯವರು ಬಲಗೈಯನ್ನು ಹಾರ್ನಿನ ಬಾಯೊಳಗಿಟ್ಟು, ತುಟಿಗೆ ಮುಟ್ಟಿಸದೆ, ತಮ್ಮ ಪಾಲಿನ ಕೀಲಿಗಳನ್ನು ಒತ್ತುತ್ತಾ ಹೋದರು. ಕೀಲಿಗಳ ಟಕಟಕ ಬಿಟ್ಟರೆ ಅವರ ಕಡೆಯಿಂದ ಸದ್ದೇ ಇಲ್ಲ. ಎಲ್ಲೋ ಒಂದು ಕಡೆ ಬ್ಯಾಂಡಣ್ಣ ತಪ್ಪಿದಾಗ, "ಮುಂದೋಡ್ಬೇಡ್ವೋ, ನಾನಿನ್ನೂ ಬಂದಿಲ್ಲ" ಎಂದರು! ನಾನು ಲೋಟ ಒಳಗಿಡುವ ನೆವ ಮಾಡಿ ಎದ್ದುಹೋದೆ.

ಅಕ್ಕ ಹೇಳಿದ್ದೇ ಆಯಿತು. ತಿಂಗಳು ಬಿಟ್ಟು ತಿಂಗಳು ಊದಿ, ವಯಸ್ಸೂ ಏರಿ ಬ್ಯಾಂಡಣ್ಣನ ತುಟಿಯೂ ಸೋಲತೊಡಗಿತು. ಮೌತ್‌ಪೀಸಿನ ಗುಂಯ್‌ಗಾಟ ಸಾಲದಾಯಿತು. ಎಳೆದು ಊದುತ್ತಿದ್ದ ಸ್ವರ ನಡುವೆಯೇ ಒಡೆಯುತ್ತಿತ್ತು, ಗಾಳಿಯಷ್ಟೇ ಬರುತ್ತಿತ್ತು. ಆಮೇಲೆ ತೋಪಿಗೆ ಹೋಗುವುದೂ ನಿಂತಿತು. ಚಿಂತಾಮಣಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಇಬ್ಬರು ಊದಲಾಗದವರ ನಡುವೆ ಆ ಹಾರ್ನ್ ಬಸ್ಸು ಹತ್ತುತ್ತಾ ಇಳಿಯುತ್ತಾ ಇತ್ತು... ನೋಡುವವರಿಗೆ ಹುಚ್ಚು ಎನ್ನಿಸುತ್ತಿತ್ತು, ನನಗೂ ಅನ್ನಿಸಿತ್ತು.

ಹಾರ್ನ್ ಚಿಂತಾಮಣಿಯಲ್ಲಿದ್ದ ತಿಂಗಳಲ್ಲೇ ಒಂದು ಮಧ್ಯಾಹ್ನ ಬ್ಯಾಂಡಣ್ಣ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಚಿಂತಾಮಣಿಯವರು ಬಂದು ಮಣ್ಣು ಹಾಕಿ ಹೊರಟುಹೋದರು. ಅಕ್ಕನ ಕಣ್ಣಿನಲ್ಲಿ ಒಂದು ಹನಿ ನೀರೂ ಬಂದಿರಲಿಲ್ಲ. ಬಂದ ನೆಂಟರಿಗೆಲ್ಲ ಊಟವಾಯಿತೇ ಎಂದು ಕೇಳುತ್ತಾ ತಿರುಗುತ್ತಿದ್ದರು.

ತಿಂಗಳು ತಿರುಗಿತು. ಅಕ್ಕನ ಜೊತೆ ಜಗುಲಿಯಲ್ಲಿ ಕೂತಿದ್ದೆ. ಬೀದಿಯ ತುದಿಯಲ್ಲಿ ಚಿಂತಾಮಣಿಯವರು ಕಂಡರು. ಹೆಗಲ ಮೇಲೆ ಪೆಟ್ಟಿಗೆ, ಅಂಗಿಯೆಲ್ಲ ಬೆವರು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಾರೆ. ಬಂದು ಪೆಟ್ಟಿಗೆಯನ್ನು ಅಕ್ಕನ ಮುಂದೆ ಇಳಿಸಿದರು.

"ಯಾಕಣ್ಣ ತಂದ್ರಿ? ಇಲ್ಲಿ ಊದೋರು ಯಾರಿದಾರೆ?" ಎಂದರು ಅಕ್ಕ.

"ಅಲ್ಲಿ ಯಾರಿದ್ರಮ್ಮ ಊದೋರು? ಆದ್ರೂ ತರ್ತಿದ್ನಲ್ಲ ಅವ್ನು" ಎಂದರು ಅವರು. "ಈ ತಿಂಗಳು ಅವಂದು."

ಅಕ್ಕ ಆಗ ಅತ್ತರು. ಪೆಟ್ಟಿಗೆಯ ಮೇಲೆ ತಲೆಯಿಟ್ಟು, ಬೀದಿಯವರೆಲ್ಲ ಹೊರಗೆ ಬರುವ ಹಾಗೆ ಅತ್ತರು.

ಅದಾದ ಮೇಲೂ ಕೆಲವು ತಿಂಗಳು ಚಿಂತಾಮಣಿಯವರು ಬಂದು ಒಯ್ದರು, ತಂದರು. ಆಮೇಲೆ ಕಾಲಿನ ಗಾಯ ವಾಸಿಯಾಗದೆ ಮಲಗಿದರೆಂದು ಕೇಳಿದೆವು. ಸ್ವಲ್ಪ ದಿನಕ್ಕೆ ಅವರ ಮಗ ಫೋನ್ ಮಾಡಿ ಅಪ್ಪ ಹೋದ ಸುದ್ದಿ ಹೇಳಿದ. ಅಷ್ಟು ಹೊತ್ತಿಗೆ ನನಗೂ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿತ್ತು.

ಮೊನ್ನೆ ಊಟ ಮುಗಿಸಿ ಅಕ್ಕನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಹಾರ್ನ್ ಎಲ್ಲಿದೆ ಎಂದು ಕೇಳಿದೆ.

"ಇಲ್ಲೇ ಐತೆ ಕಣಮ್ಮ, ಅಟ್ಟದ ಮೇಲೆ. ಯಾವುದೋ ಸ್ಕೂಲಿನೋರು ಬಂದು ಕೇಳಿದ್ರು. ನಮ್ದೊಬ್ಬರದೇ ಅಲ್ಲವಲ್ಲ, ಹೆಂಗೆ ಕೊಡ್ಲಿ? ಆ ಕಡೆಯೋರ್ನ ಕೇಳಣ ಅಂದ್ರೆ..." ಎಂದರು ಅಕ್ಕ. ಆ ಕಡೆ ಮಗನಿದ್ದ, ಆದರೆ ಕೇಳಬೇಕಾದವರು ಉಳಿದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.