ನಮ್ಮ ಹಟ್ಟಿಯ ಜ್ವರ

೨೦೦೬ರ ಮಾತು. ಜವನಗೊಂಡನಹಳ್ಳಿ ಹತ್ತಿರದ ಹಟ್ಟಿ ನಮ್ಮದು, ಕುರಿ ಸಾಕುವ ಮನೆ. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಆ ವರ್ಷ ಅಣ್ಣ ಈರಣ್ಣನಿಗೆ ಜ್ವರ ಹಿಡಿಯಿತು. ಬರುವುದು, ಬಿಡುವುದು, ಮತ್ತೆ ಬರುವುದು. ಸಂಜೆಯಾದರೆ ಅಂಗಿ ನೆನೆಯುವಷ್ಟು ಬೆವರು, ಎದ್ದು ನಿಲ್ಲಲಾಗದ ಸೊಂಟನೋವು. ಹಿರಿಯೂರಿನ ಆಸ್ಪತ್ರೆಯಲ್ಲಿ ಟೈಫಾಯಿಡ್ ಎಂದು ಔಷಧಿ ಕೊಟ್ಟರು. ಕೆಲವು ದಿನ ಸುಮ್ಮನಿದ್ದು ಜ್ವರ ತಿರುಗಿ ಬಂತು.

ಅಪ್ಪನಿಗೆ ಅದು ಕಾಯಿಲೆ ಅಂತಲೇ ಅನಿಸಲಿಲ್ಲ. "ಬೆಳಿಗ್ಗೆ ಮೈ ತಣ್ಣಗೈತೆ, ಮುದ್ದೆ ಇಳೀತೈತೆ. ಕುರಿ ಹೊಡ್ಕಂಡು ಹೋಗಾಕೆ ಮಾತ್ರ ಆಗಲ್ವೇನಲೇ, ಮೈಗಳ್ಳ!" ಎಂದು ಇಡೀ ಹಟ್ಟಿಗೆ ಕೇಳುವಂತೆ ಬಯ್ಯುತ್ತಿದ್ದ. ಅಣ್ಣ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ನನ್ನ ಬಾಯಿ ಮೊದಲಿನಿಂದಲೂ ಜೋರು. "ನಿಂಗೆ ಕುರಿ ಮೇಲಿರೋ ಪ್ರೀತಿ ಮಗನ ಮೇಲಿಲ್ಲ" ಎಂದು ನಾನೂ ಎಗರಾಡುತ್ತಿದ್ದೆ.

ಒಂದು ಬೆಳಿಗ್ಗೆ ಅಣ್ಣ, "ನಾನು ಸತ್ತ ಮೇಲಾದ್ರೂ ಅಪ್ಪ ನಂಬ್ತಾನೇನೋ" ಅಂದ. ಅವತ್ತೇ ಅವನನ್ನು ಹಿರಿಯೂರಿನ ಬಸ್ಸು ಹತ್ತಿಸಿ ನಾನೂ ಜೊತೆಗೆ ಹೋದೆ.

ಆ ಆಸ್ಪತ್ರೆಯಲ್ಲಿ ಕೆಲವು ವರ್ಷಗಳಿಂದ ರೋಗಿಗಳ ವಿವರವನ್ನೆಲ್ಲ ಕಂಪ್ಯೂಟರಿನಲ್ಲೇ ಇಡುತ್ತಿದ್ದರು. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಅಣ್ಣನ ಹಳೆಯ ವಿವರ ತೆಗೆಸಿ ನೋಡಿದರು. "ಇಷ್ಟು ಔಷಧಿ ಕೊಟ್ರೂ ಹೋಗಿಲ್ಲ ಅಂದ್ರೆ ಇದು ಬೇರೆ ಏನೋ" ಎಂದರು. ಹೀಗೇ ಜ್ವರ ಮರುಕಳಿಸಿ, ಸೊಂಟನೋವೆಂದು ಬಂದವರು ಇನ್ನಾರಿದ್ದಾರೆ ಎಂದು ಎಲ್ಲರ ವಿವರವನ್ನೂ ಜಾಲಾಡಿಸಿದರು. ಊರಿನ ಪ್ರಕಾರ ಜೋಡಿಸಿ ನೋಡಿದರೆ ಬಹುಪಾಲು ನಮ್ಮ ಕಡೆಯ ಹಟ್ಟಿಗಳವರೇ!

"ನಿಮ್ಮನೇಲಿ ಕುರಿ ಇವೆಯಾ?" ಎಂದು ಕೇಳಿದರು.

"ಅವೆ ಮೇಡಂ. ಈಯುವಾಗ ಬರಿಗೈಲೇ ಮರಿ ಎಳೀತೀವಿ. ಈ ಸಲ ಸುಮಾರು ಕುರಿ ದಿನ ತುಂಬೋ ಮೊದ್ಲೇ ಕಂದು ಹಾಕಿದ್ವು" ಅಂದ ಅಣ್ಣ.

"ಹಾಗಾದ್ರೆ ಇದು ಕುರಿಯಿಂದ ಮನುಷ್ಯರಿಗೆ ಬರೋ ಜ್ವರ ಇರಬಹುದು. ಒಬ್ಬೊಬ್ಬರನ್ನೇ ನೋಡಿದಾಗ ನಮಗೆ ಹೊಳೀಲಿಲ್ಲ. ಇಂಥ ಜ್ವರ ಬಂದೋರನ್ನೆಲ್ಲ ಕರ್ಕೊಂಡು ಬಾಮ್ಮ" ಎಂದರು. ಆಮೇಲೆ ರಕ್ತಪರೀಕ್ಷೆಯಲ್ಲೂ ಅದೇ ಎಂದು ಗೊತ್ತಾಯಿತು.

ಹಟ್ಟಿಗೆ ಬಂದು ಅಪ್ಪನೆದುರು ಬೇಕೆಂದೇ ಜೋರಾಗಿ ಎಲ್ಲರಿಗೂ ಹೇಳಿದೆ. ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದೆ. ಅಪ್ಪ ಎದ್ದು ಕುರಿದೊಡ್ಡಿಯ ಕಡೆ ಹೋದ. ಮರುದಿನ ಜನ ಹೊರಟಾಗ ಕಂಬಳಿ ಹೆಗಲಿಗೆ ಹಾಕಿಕೊಂಡು, "ನಡೀರಿ, ಹೋಗಾಣ" ಎಂದು ತಾನೂ ಬಂದ. ಸದ್ಯ, ಮಗನ ಮೇಲೆ ಈಗಲಾದರೂ ಕನಿಕರ ಬಂತಲ್ಲ ಎಂದುಕೊಂಡೆ.

ಆಸ್ಪತ್ರೆಯ ಕೌಂಟರಿನಲ್ಲಿ ಅಪ್ಪ ಸಾಲಿಗೆ ನಿಂತ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಹೆಸರು, ಊರು ಕೇಳಿ ಒತ್ತಿದಳು. "ಹೋದ ವರ್ಷಾನೂ ಬಂದಿದ್ರಲ್ಲ ಅಜ್ಜಾ, ಜ್ವರ, ಸೊಂಟನೋವು ಅಂತ? ಆಮೇಲೆ ಬರ್ಲೇ ಇಲ್ಲ!"

ಅಪ್ಪ ತಲೆ ತಗ್ಗಿಸಿದ. ಬೆಂಚಿನ ಮೇಲಿದ್ದ ಅಣ್ಣ, "ನಿಂಗೂನಾ ಅಪ್ಪಾ?" ಅಂದ.

"ಹೂಂ ಕಣಲೇ. ನಿನಗಿಂತ ಮೊದ್ಲೇ. ನಂಗೂ ಹಿಂಗೇ ಸೊಂಟ ಹಿಡ್ಕಂತಿತ್ತು. ಹಲ್ಲು ಕಚ್ಕಂಡು ಕುರಿ ಹಿಂದೆ ಹೋಗ್ತಿದ್ದೆ. ನನ್ನಂಥ ಮುದುಕಂಗೆ ಆಗೋದು ಈ ಹುಡುಗಂಗೆ ಯಾಕಾಗಲ್ಲ ಅಂತ ಸಿಟ್ಟು ಬರ್ತಿತ್ತು" ಎಂದ ಅಪ್ಪ.

ಅಣ್ಣ ಪಕ್ಕಕ್ಕೆ ಜರುಗಿ ಜಾಗ ಮಾಡಿ, "ಕುಂತ್ಕ ಅಪ್ಪಾ" ಅಂದ. ನನಗೆ ಅಳು ತಡೆಯಲಾಗಲಿಲ್ಲ.

ಮಾತ್ರೆ, ಇಂಜೆಕ್ಷನ್ನು ತಿಂಗಳ ಮೇಲೆ ನಡೆಯಿತು. ಅಣ್ಣ ಪೂರ್ತಿ ಗುಣವಾದ. ಹಾಲು ಕಾಯಿಸದೆ ಕುಡಿಯುವುದನ್ನು, ಬರಿಗೈಯಲ್ಲಿ ಮರಿ ಎಳೆಯುವುದನ್ನು ಹಟ್ಟಿಯವರು ನಿಧಾನಕ್ಕೆ ಬಿಟ್ಟರು. ಅಪ್ಪನಿಗೆ ಮಾತ್ರ ತಡವಾಗಿತ್ತು. ಜ್ವರ ಹೋದರೂ ಕೊನೆಯವರೆಗೂ ಸೊಂಟ ಬಾಗಿಸಿಕೊಂಡೇ ನಡೆದ.

ಆ ದಿನಕ್ಕೆ ಮೊದಲು ಅಪ್ಪ ತನ್ನ ನೋವನ್ನು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿಕೊಂಡಿದ್ದ, ಅದೂ ಗುರುತು ಪರಿಚಯವಿಲ್ಲದ ಆ ಕೌಂಟರಿನಲ್ಲಿ. ಒಂದೇ ಸೂರಿನಡಿ ಉಂಡು ಮಲಗುತ್ತಿದ್ದ ನಮಗೆ ಹೇಳಲಿಲ್ಲ.