ಉಂಡ್ಕೊಂಡೇ ಬಂದೆ

ಮೂಗೂರಿನ ಹೇಮಲತಾ ಕುಸ್ತಿ ಆಡುವ ಹುಡುಗಿ. ಮರುದಿನ ಬೆಳಿಗ್ಗೆ ಎಂಟಕ್ಕೆ ಮೈಸೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಅವಳ ತೂಕದ ವಿಭಾಗದ ಮಿತಿ ಐವತ್ತಮೂರು ಕೆಜಿ. ಅದಕ್ಕಿಂತ ನೂರು ಗ್ರಾಂ ಹೆಚ್ಚಿದ್ದರೂ ಕಣಕ್ಕೇ ಬಿಡುವುದಿಲ್ಲ. ಇವಳು ಮುನ್ನೂರು ಗ್ರಾಂ ಹೆಚ್ಚಿದ್ದಳು. ಬೆಳಗಿನಿಂದ ಗುಟುಕು ನೀರೂ ಕುಡಿಯದವಳು, ನೋಡಿ, ಅದೇ ಮಧ್ಯಾಹ್ನ ತಾಂಡವಪುರದಲ್ಲಿ ನಟರಾಜನ ತಾಯಿ ಮುದ್ದಮ್ಮನವರ ಮುಂದೆ ಕೂತಿದ್ದಳು. ಗಳಿಗೆ ಕೂಡಿ ಬಂದದ್ದೇ ಹಾಗೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ದುಡಿಯುವ ನಟರಾಜನಿಗೆ ವಾರಕ್ಕೆ ಅದೊಂದೇ ರಜೆ. ಮದುವೆಯಾದರೆ ಇವನನ್ನೇ ಎಂದು ಅವಳೂ ನಿರ್ಧರಿಸಿಯಾಗಿತ್ತು.

ಮುದ್ದಮ್ಮ ನಾಟಿಕೋಳಿ ಸಾರು ಕಾಯಿಸಿ, ಮುದ್ದೆ ಕಟ್ಟಿ, ತಟ್ಟೆ ತಂದಿಟ್ಟರು. ಮೊದಲ ದಿನವೇ ತೂಕದ ಪುರಾಣ ಯಾಕೆಂದು ಹೇಮಲತಾ ಬಾಯಿಗೆ ಬಂದದ್ದು ಹೇಳಿಬಿಟ್ಟಳು.

“ಬ್ಯಾಡಮ್ಮ, ಉಂಡ್ಕೊಂಡೇ ಬಂದೆ.”

ದಡ್ಡಿ! ಅಷ್ಟು ಪಟ್ಟು ಕಲಿತವಳಿಗೆ ಇಷ್ಟು ತಿಳಿಯಬಾರದೆ? ಮುದ್ದಮ್ಮ ಬುದ್ಧಿ ಬಂದಾಗಿನಿಂದ ಕೇಳಿದ ಮಾತದು. ಓಟು ಕೇಳಲು ಬಂದವರು, ಮನೆಗಣತಿಗೆ ಬಂದ ಮೇಷ್ಟ್ರು, ಮೇಲ್ಜಾತಿಯವರು ಯಾರೇ ಬರಲಿ, ಈ ಕೇರಿಗೆ ಬರುವಾಗ ಎಲ್ಲರೂ ಉಂಡ್ಕೊಂಡೇ ಬಂದಿರುತ್ತಿದ್ದರು. ಈ ಹುಡುಗಿಯೂ ಅಂಥ ಮನೆಯವಳೇ.

“ನೀರಾದ್ರೂ ಕುಡೀತೀಯಾ?” ಮುದ್ದಮ್ಮ ಕೇಳಿದರು.

ಹೇಮಲತಾ ಬೇಡವೆಂದು ತಲೆಯಾಡಿಸಿದಳು.

“ನಾಳೆ ತೂಕ ನೋಡ್ತಾರೆ ಕಣವ್ವ, ಅದ್ಕೇ ತಿಂತಿಲ್ಲ,” ಎಂದ ನಟರಾಜ್.

“ನೀ ಸುಮ್ಕಿರ್ಲಾ. ನೆಪ ಯೋಳದ ನಿಂಗೂ ಕಲ್ಸವ್ಳಾ?”

“ಅವ್ರು ಯೋಳಿದ್ದು ನಿಜ ಕಣಮ್ಮ,” ಹೇಮಲತಾ ಅಂದಳು. “ಬುತ್ತಿ ಕಟ್ಕೊಡಿ. ತೂಕ ಆದೇಟ್ಗೆ ಉಣ್ತೀನಿ.”

“ದಾರೀಲಿ ಚೆಲ್ಬುಟ್ರೆ ನೋಡೋರ್ಯಾರು?”

ಹೇಮಲತಾ ತಟ್ಟೆ ಎಳೆದುಕೊಂಡಳು. ನಾಲ್ಕು ವರ್ಷ ಗರಡಿಯ ಮಣ್ಣಲ್ಲಿ ಹೊರಳಿದ್ದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾದರೂ ಸರಿ, ಈ ತಾಯಿಯ ಮನಸ್ಸು ಮುರಿದು ಏಳಲಾರೆ ಅನ್ನಿಸಿತ್ತು. ಒಂದು ತುತ್ತು ಮುರಿದು, ಸಾರಿಗದ್ದಿ ನುಂಗಿದಳು. ಎರಡನೆಯದು ಮುರಿಯುವಾಗ ಕಣ್ಣಲ್ಲಿ ನೀರು ಬಂತು. ಮುದ್ದಮ್ಮ ಅವಳ ಮಣಿಕಟ್ಟು ಹಿಡಿದುಕೊಂಡರು.

“ಎಷ್ಟವ್ವ ಜಾಸ್ತಿ ಅದೆ?”

“ಮುನ್ನೂರು ಗ್ರಾಂ.”

“ಓಡುದ್ರೆ ಇಳೀತದಾ?”

“ಇಳೀತದೆ.”

“ಅಂಗಾರೆ ಏಳು.” ಮುದ್ದಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. “ನಾಳೆ ಬುತ್ತಿ ನಾನೇ ತತ್ತೀನಿ. ನಿಮ್ಮಪ್ಪಾರೂ ಬತ್ತಾರಾ?”

“ಬತ್ತಾರೆ.”

“ಅವ್ರ ಎದುರ್ಗೇ ಉಣ್ಬೇಕು.”

ನಟರಾಜನೆಂಬವನು ಒಬ್ಬನಿದ್ದಾನೆಂದೇ ಹೇಮಲತಾಳ ಅಪ್ಪನಿಗೆ ಗೊತ್ತಿರಲಿಲ್ಲ. ಊರವರ ಬಾಯಿ ಮುಚ್ಚಿಸಿ ಅವಳನ್ನು ಕುಸ್ತಿಗೆ ಕಳಿಸಿದವರೂ ಅಪ್ಪನೇ, ನಾಳೆಯೇ ಅದನ್ನು ನಿಲ್ಲಿಸಬಲ್ಲವರೂ ಅಪ್ಪನೇ. ನಟರಾಜ್ ಅವಳ ಮುಖವನ್ನೇ ನೋಡುತ್ತಿದ್ದ.

ಅವಳು ಕೈ ತೊಳೆದು, ಶೂ ದಾರ ಬಿಗಿದಳು.

“ಉಣ್ತೀನಿ, ಅತ್ತೆ,” ಎಂದು ಬಿಸಿಲಿಗಿಳಿದು ಓಡಿದಳು.